ನಾನು ಬರೆದು ತಾವು ಸಹಿ ಹಾಕಿದ ವಿಮರ್ಶೆಯ ಬಗ್ಗೆ

ಮಾನ್ಯ ಎರಡನೇ ವಿಮರ್ಶಕ ಮಹಾಶಯರೇ,

ನಾರಿನ್ ಊರಿನ ಕಾನೂನು ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಪಾಠ ಹೇಳುತ್ತಿರುವ ಜೂರಾ ಎಸೆನ್‌ಕುಲೋವಾ ಎಂಬ ನಾನು ತಮಗೆ ತಲೆಬಾಗಿ ಮಾಡುವ ಸಲಾಮುಗಳು. ತಾವು ಕ್ಷೇಮವೇ, ತಮ್ಮ ಮನೆಯವರು ಕ್ಷೇಮವೇ, ಮಕ್ಕಳು ಮೊಮ್ಮಕ್ಕಳು ಚೆನ್ನಾಗಿದ್ದಾರೆಯೇ, ಕುದುರೆ ಕುರಿಗಳು ಈ ಸಲದ ಚಳಿಯನ್ನು ಸುಖವಾಗಿ ದಾಟಿದವೇ? ಇಷ್ಟನ್ನು ವಿಚಾರಿಸದೆ ಯಾರ ಹತ್ತಿರವೂ ಮಾತು ಶುರುಮಾಡಬಾರದೆಂದು ನನ್ನ ತಾಯಿ ಹೇಳಿಕೊಟ್ಟಿದ್ದಾಳೆ, ತಾವು ಯಾರೆಂಬುದನ್ನು ನಾನು ತಿಳಿಯಬಾರದೆಂದು ತಮ್ಮ ತ್ರೈಮಾಸಿಕದ ನಿಯಮಾವಳಿ ಹೇಳಿಕೊಟ್ಟಿದೆ. ಇಬ್ಬರ ಮಾತನ್ನೂ ಮೀರಲಾರದೆ, ಯಾರೆಂದು ಗೊತ್ತಿಲ್ಲದವರ ಕುದುರೆಗಳ ಯೋಗಕ್ಷೇಮವನ್ನು ಮನಸ್ಸಾರೆ ವಿಚಾರಿಸುತ್ತಿದ್ದೇನೆ.

ತಾವು ಯಾರೆಂದು ನನಗೆ ನಿಜಕ್ಕೂ ಗೊತ್ತಿಲ್ಲ. ನಮ್ಮ ದೇಶದಲ್ಲಿ ನೀರಿನ ಕಾನೂನಿನ ಬಗ್ಗೆ ಬರೆಯುವವರು ಒಟ್ಟು ಐದು ಮಂದಿ. ಅವರಲ್ಲಿ ಒಬ್ಬರು ತೀರಿಕೊಂಡಿದ್ದಾರೆ, ಒಬ್ಬರು ಕೆನಡಾದಲ್ಲಿ ಲಾರಿ ಓಡಿಸುತ್ತಿದ್ದಾರೆ, ಒಬ್ಬರು ಸಂಸತ್ತಿಗೆ ಆರಿಸಿ ಹೋದಮೇಲೆ ಬರೆಯುವುದಿರಲಿ ಓದುವುದನ್ನೂ ಬಿಟ್ಟಿದ್ದಾರೆ, ನಾಲ್ಕನೆಯವಳು ನಾನು. ಉಳಿದ ಆ ಒಬ್ಬರು ಯಾರಿರಬಹುದೆಂದು ನಾನು ಊಹಿಸುವುದಕ್ಕೂ ಹೋಗಿಲ್ಲ. ಅವರು ಬಿಷ್ಕೆಕ್‌ನಲ್ಲಿ ಇದ್ದಾರೆ, ಚಹಾಕ್ಕೆ ಸಕ್ಕರೆಯ ಬದಲು ಜರ್ದಾಳು ಹಣ್ಣಿನ ಪಾಕವನ್ನು ಮೂರು ಚಮಚ ಹಾಕಿಕೊಳ್ಳುತ್ತಾರೆ, ಅವರ ಹೆಂಡತಿಯ ಚಿಕ್ಕಪ್ಪನ ಮಗಳನ್ನು ನನ್ನ ಮೈದುನನಿಗೆ ಕೊಟ್ಟಿದೆ, ನಮ್ಮ ವಿಭಾಗದ ಮುಖ್ಯಸ್ಥರಿಗೆ ಅರವತ್ತು ತುಂಬಿದ ಔತಣದಲ್ಲಿ ದೊಡ್ಡ ಅತಿಥಿಗೆ ಸಲ್ಲುವ ಸೊಂಟದ ಮೂಳೆ ತಮ್ಮ ತಟ್ಟೆಗೆ ಬೀಳಲಿಲ್ಲ, ಬರೀ ಕಾಲಿನ ಮೂಳೆ ಬಿತ್ತೆಂದು ಒಂದೂವರೆ ವರ್ಷ ಅವರ ಜೊತೆ ಮಾತು ಬಿಟ್ಟಿದ್ದರು ಎಂಬಷ್ಟು ಬಿಟ್ಟರೆ ಅವರ ಬಗ್ಗೆ ನನಗೆ ಏನೇನೂ ತಿಳಿಯದು.

ವಿಷಯಕ್ಕೆ ಬರುತ್ತೇನೆ. ತೆರೆಕ್-ಬುಲಾಕ್ ಎಂಬ ಹಳ್ಳಿಯಲ್ಲಿ ಪ್ರತಿ ಗುರುವಾರ ಅಕ್ಸಕಾಲರ, ಅಂದರೆ ಬಿಳಿಗಡ್ಡದ ಹಿರಿಯರ, ನ್ಯಾಯಕಟ್ಟೆ ಸೇರುತ್ತದೆ. ಬಿಳಿಗಡ್ಡವೆಂದು ಹೆಸರಿದ್ದರೂ ಗಡ್ಡವಿಲ್ಲದ ಕಾಲಿಚಾ ಅಜ್ಜಿಯೂ ಅದರಲ್ಲಿ ಒಬ್ಬಳು, ಎಲ್ಲರಿಗಿಂತ ಜೋರಿನವಳೂ ಅವಳೇ. ಕಾಲುವೆಯ ನೀರು ಯಾರ ಹೊಲಕ್ಕೆ ಮೊದಲು, ಯಾರ ಹೊಲಕ್ಕೆ ಆಮೇಲೆ ಎಂಬ ಜಗಳಗಳನ್ನು ಅವರು ಬಿಡಿಸುವುದನ್ನು ನಾನು ಹನ್ನೊಂದು ವರ್ಷ, ಗುರುವಾರ ತಪ್ಪಿಸದೆ, ಅದೇ ಕಂಬಳಿಯ ಅದೇ ಮೂಲೆಯಲ್ಲಿ ಕೂತು ಬರೆದುಕೊಂಡಿದ್ದೇನೆ. ಆ ಹನ್ನೊಂದು ವರ್ಷವನ್ನು ಇಪ್ಪತ್ತೆರಡು ಪುಟಕ್ಕೆ ಇಳಿಸಿದ್ದೇ ನನ್ನ ಲೇಖನ. ಅಧ್ಯಾಪಕರ ಅಂಕಕ್ಕೆ ಲೆಕ್ಕವಾಗುವ ಪತ್ರಿಕೆಯೊಂದು ಮೇ ಇಪ್ಪತ್ತರೊಳಗೆ ಅದನ್ನು ಒಪ್ಪಿದರೆ ನನ್ನ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಕೆಲಸವೂ ಇಲ್ಲ, ನನ್ನ ನೀರಿನ ಕಾನೂನಿನ ಪಾಠವೂ ಇಲ್ಲ. ನಮ್ಮ ಮುಖ್ಯಸ್ಥ ಶಾರ್ಶೆನ್ ಅವರು ಇದನ್ನು ಎಷ್ಟು ಮೃದುವಾಗಿ ಹೇಳಿದರೆಂದರೆ ಅವರಿಗೇ ನಾನು ಚಹಾ ತಂದುಕೊಟ್ಟು ಸಮಾಧಾನ ಮಾಡಬೇಕಾಯಿತು. "ನನ್ ಕೈಲೇನಿದೆ ಜೂರಾ, ಎಲ್ಲಾ ಅಂಕದ್ದೇ ಆಟ. ನೀನು ಒಳ್ಳೇ ಮೇಷ್ಟ್ರು ಅಂತ ನಂಗೊತ್ತು, ಆದ್ರೆ ಅದನ್ನ ತುಂಬೋಕೆ ಫಾರ್ಮ್‌ನಲ್ಲಿ ಜಾಗ ಇಲ್ಲ" ಎಂದರು.

ಹಿಂದಿನ ಕಾಲದ ವಿಮರ್ಶೆಯ ಪದ್ಧತಿ ತಮಗೂ ನೆನಪಿರಬಹುದು, ತಾವು ಯಾರೇ ಆಗಿರಲಿ. ಲೇಖನ ಬರೆದವನು ವಿಮರ್ಶೆಯನ್ನೂ ತಾನೇ ಬರೆದು, ಒಂದು ಡಬ್ಬ ಜೇನುತುಪ್ಪದ ಜೊತೆ ದೊಡ್ಡವರ ಮನೆಗೆ ಒಯ್ದು, ಸಹಿ ಹಾಕಿಸಿ, ಕಚೇರಿಯ ಗುಂಡು ಮೊಹರು ಒತ್ತಿಸಿಕೊಂಡು ಬರುತ್ತಿದ್ದ. ಮೂರು ಪ್ಯಾರಾ ಹೊಗಳಿಕೆ, ಆಮೇಲೆ ಅನುಮಾನ ಬಾರದಿರಲೆಂದು ಒಂದೋ ಎರಡೋ ನಿರುಪದ್ರವಿ ಕೊರತೆ, "ಇನ್ನೊಂದು ಕೋಷ್ಟಕ ಇದ್ದಿದ್ದರೆ ಚೆನ್ನಾಗಿತ್ತು" ಎಂಬಂಥದ್ದು, ಕೊನೆಗೆ "ಮೇಲೆ ಹೇಳಿದ ಕೊರತೆಗಳು ಕೃತಿಯ ಉನ್ನತ ಮೌಲ್ಯವನ್ನು ಯಾವ ರೀತಿಯಲ್ಲೂ ಕುಗ್ಗಿಸುವುದಿಲ್ಲ" ಎಂಬ ಮಂಗಳವಾಕ್ಯ. ಇದು ನಾಚಿಕೆಗೇಡು, ಇನ್ನು ಮುಂದೆ ಯುರೋಪಿನ ಹಾಗೆ ಇಬ್ಬರ ಕಣ್ಣಿಗೂ ಬಟ್ಟೆ ಕಟ್ಟಿ ಸಹವಿದ್ವಾಂಸರಿಂದ ವಿಮರ್ಶೆ ಮಾಡಿಸೋಣ, ಬರೆದವನಿಗೆ ತೂಗುವವನು ತಿಳಿಯಕೂಡದು, ತೂಗುವವನಿಗೆ ಬರೆದವನು ತಿಳಿಯಕೂಡದು ಎಂದು ಇಂಥ ಪತ್ರಿಕೆಗಳನ್ನು ನೋಡಿಕೊಳ್ಳುವ ಸರ್ಕಾರಿ ಆಯೋಗ ತೀರ್ಮಾನಿಸಿದಾಗ ನಮ್ಮ ವಿಭಾಗದಲ್ಲಿ ಗಟ್ಟಿಯಾಗಿ ಚಪ್ಪಾಳೆ ತಟ್ಟಿದವಳು ನಾನೇ. ನಮ್ಮಲ್ಲಿ ಬೇಟೆಯ ಹದ್ದಿನ ಕಣ್ಣಿಗೆ ಚರ್ಮದ ಟೋಪಿ ತೊಡಿಸುವುದು ನರಿ ಕಾಣುವ ತನಕ ಮಾತ್ರ. ಆಯೋಗದವರು ಹದ್ದಿಗೂ ಟೋಪಿ ತೊಡಿಸಿ, ನರಿಗೂ ತೊಡಿಸಿ, ಇನ್ನು ಬೇಟೆ ನಡೆಯಲಿ ಎಂದರು.

ನಿಯಮವನ್ನು ನಾನು ಅಕ್ಷರಶಃ ಪಾಲಿಸಿದೆ. ಲೇಖನದಿಂದ ನನ್ನ ಹೆಸರು ತೆಗೆದೆ. ಇದೇ ಹಳ್ಳಿಯ ಬಗ್ಗೆ ನಾನು ಹಿಂದೆ ಬರೆದಿದ್ದ ಎರಡು ಪ್ರಬಂಧಗಳನ್ನು ಹೆಸರಿಸಿದರೆ ಗುಟ್ಟು ರಟ್ಟಾದೀತೆಂದು ಅವುಗಳ ಉಲ್ಲೇಖವನ್ನೂ ಕಿತ್ತುಹಾಕಿದೆ. ತೆರೆಕ್-ಬುಲಾಕ್ ಎಂದಿದ್ದ ಕಡೆಯಲ್ಲೆಲ್ಲ "ಒಂದು ಹಳ್ಳಿ" ಎಂದು ತಿದ್ದಿದೆ. ಕೊನೆಗೆ ಓದಿ ನೋಡಿದರೆ ಯಾವುದೋ ಹಳ್ಳಿಯಲ್ಲಿ ಯಾರೋ ಯಾರಿಗೋ ನೀರು ಹಂಚಿದ್ದನ್ನು ಯಾರೋ ಬರೆದ ಹಾಗಿತ್ತು. ಆಯೋಗಕ್ಕೆ ಬೇಕಾದದ್ದೂ ಅದೇ ಇರಬೇಕೆಂದು ಸಮಾಧಾನಪಟ್ಟುಕೊಂಡು ಕಳಿಸಿಕೊಟ್ಟೆ.

ಮೂರು ವಾರದ ಮೇಲೆ, ಒಂದು ಮಂಗಳವಾರ, ನಾನು ತರಗತಿಗೆ ಹೊರಟಿದ್ದಾಗ ಬಿಷ್ಕೆಕ್‌ನಿಂದ ಫೋನು ಬಂತು. ಯಾರ ಫೋನೆಂದು ಹೇಳುವುದು ನಿಯಮಕ್ಕೆ ವಿರುದ್ಧವಾದ್ದರಿಂದ ಹೇಳಲಾರೆ, ಆದರೆ ಆ ಕಡೆಯಿಂದ ಎರಡು ಸಲ ಕೆಮ್ಮಿ, ನಮ್ಮ ಹಸುವಿನ ವಿಚಾರ ಕೇಳಿ, ಮೈದುನನ ಹೆಂಡತಿಯ ಬಾಣಂತನದ ವಿಚಾರ ಕೇಳಿ, ಆಮೇಲೆ ಹೇಳಿದ ಮಾತುಗಳನ್ನು ಮಾತ್ರ ಬರೆಯುತ್ತೇನೆ. "ನೋಡಮ್ಮಾ ಜೂರಾ, ಯಾರೋ ಅನಾಮಿಕರ ಲೇಖನ ಒಂದು ನನ್ ತಲೆಗೆ ಕಟ್ಟಿದಾರೆ. ನೀರಿಂದಂತೆ, ಕಾಲುವೆಯಂತೆ, ಹಿರಿಯರ ಕಟ್ಟೆಯಂತೆ. ನನ್ ಕನ್ನಡಕ ಎಲ್ಲಿಟ್ಟಿದೀನೋ ಸಿಗ್ತಾನೇ ಇಲ್ಲ. ಅದೂ ಅಲ್ದೆ ಈ ವಿಷಯ ನಿನಗೆ ಗೊತ್ತಿರೋವಷ್ಟು ಇನ್ಯಾರಿಗೆ ಗೊತ್ತು? ನೀನೇ ಒಂದು ವಿಮರ್ಶೆ ಬರ್ದು ಕಳ್ಸಿಬಿಡು, ನಾನು ಸಹಿ ಹಾಕ್ತೀನಿ. ಲೇಖನಾನೂ ಕಳ್ಸ್ತೀನಿ, ಒಂದ್ಸಲ ಕಣ್ಣಾಡ್ಸು. ಹಾಗೇ ನಿಮ್ಮನೆ ಕುರುತ್ ಇದ್ರೆ ಒಂದು ಚೀಲ." ಕುರುತ್ ಎಂದರೆ ನಮ್ಮ ಮನೆಯ ಒಣಮೊಸರಿನ ಉಂಡೆ, ಆ ಅನಾಮಿಕರಿಗೆ ಬಹಳ ಇಷ್ಟ.

ನಾನು ಬಾಯಿ ಬಿಡುವಂತಿರಲಿಲ್ಲ ಎಂಬುದನ್ನು ತಾವು ದಯವಿಟ್ಟು ಮನಗಾಣಬೇಕು. ಆ ಲೇಖನ ನನ್ನದೇ ಎಂದರೆ ಲೇಖಕಿ ತನ್ನ ಗುರುತನ್ನು ವಿಮರ್ಶಕರಿಗೆ ಬಿಟ್ಟುಕೊಟ್ಟ ಹಾಗಾಗಿ ಲೇಖನ ಅಲ್ಲಿಗೇ ಅನರ್ಹ. ಬರೆಯಲಾರೆ ಎಂದರೆ ಏಕೆ ಎಂಬ ಪ್ರಶ್ನೆ, ಏಕೆ ಎಂಬುದಕ್ಕೆ ಉತ್ತರ ಕೊಟ್ಟರೆ ಮತ್ತೆ ಅನರ್ಹ. ದೊಡ್ಡವರು ಕೇಳಿದ್ದಕ್ಕೆ ಇಲ್ಲ ಎನ್ನುವ ಅಭ್ಯಾಸವಂತೂ ನನ್ನ ಮನೆತನದಲ್ಲೇ ಇಲ್ಲ. "ಆಗಲಿ, ಬರೆಯುತ್ತೇನೆ" ಎಂದುಬಿಟ್ಟೆ.

ನನ್ನದೇ ಲೇಖನವನ್ನು ನನ್ನಿಂದಲೇ ತೂಗಿಸುವಷ್ಟು ನಿಷ್ಪಕ್ಷಪಾತವಾದ ವ್ಯವಸ್ಥೆ ಭೂಮಿಯ ಮೇಲೆ ಇನ್ನೆಲ್ಲೂ ಇರಲಾರದು. ಬೇರೆ ಯಾರಾದರೂ ಆಗಿದ್ದರೆ ಕಣ್ಣುಮುಚ್ಚಿ ನೂರಕ್ಕೆ ನೂರು ಕೊಟ್ಟುಕೊಂಡು ಚಹಾಕ್ಕೆ ನೀರಿಡುತ್ತಿದ್ದರು. ನನ್ನ ದುರದೃಷ್ಟ, ನಾನು ಹನ್ನೊಂದು ವರ್ಷ ಸೂಯುನಾಲಿ ಅಜ್ಜನ ಕಟ್ಟೆಯಲ್ಲಿ ಕೂತವಳು. ಕಟ್ಟೆಯ ಹಿರಿಯ ಸೂಯುನಾಲಿ ಅಜ್ಜ ದೂರು ತಂದವನನ್ನು ಮೊಟ್ಟಮೊದಲು ಕೇಳುವುದು ಒಂದೇ ಮಾತು: "ಮೊದ್ಲು ನಿನ್ ತಪ್ಪು ಏನು ಹೇಳಪ್ಪಾ, ಅವಂದು ಆಮೇಲೆ ನೋಡೋಣ." ಅಲ್ಲಿ ತನ್ನ ತಪ್ಪನ್ನು ಒಪ್ಪವಾಗಿ ಹೇಳಿಕೊಂಡವನಿಗೆ ಕಂಬಳಿಯ ಮೇಲೆ ಜಾಗ ಸಿಗುತ್ತದೆ, ತನ್ನದೇನೂ ತಪ್ಪಿಲ್ಲ ಎಂದವನು ಬಾಗಿಲ ಹತ್ತಿರ ನಿಂತೇ ಇರಬೇಕಾಗುತ್ತದೆ. ಆ ಅಭ್ಯಾಸ ನನ್ನ ಕೈಗೂ ಇಳಿದುಬಿಟ್ಟಿದೆ.

ಆದ್ದರಿಂದ ಆ ಅನಾಮಿಕ ಲೇಖಕಿಯ ಇಪ್ಪತ್ತೆರಡು ಪುಟಗಳನ್ನು ಮೇಜಿನ ಮೇಲಿಟ್ಟುಕೊಂಡು, ಕೆಂಪು ಪೆನ್ಸಿಲು ಹಿಡಿದು, ಎರಡು ದಿನ ಓದಿದೆ. ಒಂದೇ ಹಳ್ಳಿಯನ್ನು ನೋಡಿ ಇಡೀ ಕಣಿವೆಯ ಬಗ್ಗೆ ಮಾತಾಡುತ್ತಾಳೆ ಎಂದು ಬರೆದೆ. ಗಂಡಸರೆಲ್ಲ ದುಡಿಮೆಗೆ ರಷ್ಯಾಕ್ಕೆ ಹೋದಮೇಲೆ ನೀರು ಕಟ್ಟುವವರು ಹೆಂಗಸರೇ, ಅವರ ಮಾತು ಇದರಲ್ಲಿ ಸಾಲದು ಎಂದು ಬರೆದೆ. ಹಳೆಯ ಕಾನೂನುಗಳನ್ನು ಹಾರಿಸಿದ್ದಾಳೆ, ತೀರ್ಮಾನದ ಭಾಗ ಅವಸರದ್ದು ಎಂದೂ ಬರೆದೆ. ಐದನೆಯ ಕೊರತೆಯ ಹತ್ತಿರ ಬಂದಾಗ ಮಾತ್ರ, ಮಹಾಶಯರೇ, ನನಗೆ ಆ ಲೇಖಕಿಯ ಮೇಲೆ ನಿಜವಾಗಿ ಸಿಟ್ಟು ಬಂತು. ಇದೇ ವಿಷಯದ ಮೇಲೆ ಜೂರಾ ಎಸೆನ್‌ಕುಲೋವಾ ಎಂಬವಳು ಎರಡು ಪ್ರಬಂಧ ಬರೆದು, ಅದಕ್ಕಾಗಿ ಒಂದು ಚಳಿಗಾಲ ಕಾಲ್ಬೆರಳು ಕಳೆದುಕೊಳ್ಳುವುದರಲ್ಲಿದ್ದಳು, ಅವಳ ಹೆಸರನ್ನು ಒಂದು ಅಡಿಟಿಪ್ಪಣಿಯಲ್ಲಾದರೂ ನೆನೆಯಬಾರದೇ? ಎಷ್ಟು ಸೊಕ್ಕು ಎನ್ನಿಸಿ ಅದನ್ನೂ ಬರೆದೆ. ಕೊನೆಗೆ ಮಂಗಳವಾಕ್ಯ, ಈ ಕೊರತೆಗಳು ಕೃತಿಯ ಉನ್ನತ ಮೌಲ್ಯವನ್ನು ಕುಗ್ಗಿಸುವುದಿಲ್ಲ ಎಂದು. ಅದನ್ನು ನಾನು ಮನಸ್ಸಿನಿಂದಲೇ ಬರೆದಿದ್ದೆ, ಏಕೆಂದರೆ ಲೇಖನ ಚೆನ್ನಾಗಿತ್ತು.

ನಮ್ಮೂರಿನಿಂದ ರಾಜಧಾನಿಗೆ ಬಾಡಿಗೆ ಟ್ಯಾಕ್ಸಿ ಓಡಿಸುವ ಕುಬಾನ್‌ನ ಕೈಯಲ್ಲಿ ವಿಮರ್ಶೆಯ ಲಕೋಟೆಯನ್ನೂ ಕುರುತ್ ಚೀಲವನ್ನೂ ಕಳಿಸಿದೆ. ಮರುದಿನ ಅವನು ವಾಪಸು ಬಂದು ವರದಿ ಒಪ್ಪಿಸಿದ: "ಅಕ್ಕಾ, ಬೀದೀಲೇ ನನ್ ಕಾರಿನ ಬಾನೆಟ್ ಮೇಲಿಟ್ಟು ಸಹಿ ಹಾಕಿಬಿಟ್ರು. ಲಕೋಟೆ ಪೂರ್ತಿ ಬಿಚ್ಚಲೂ ಇಲ್ಲ, ಕೊನೇ ಹಾಳೆ ಒಂದನ್ನ ಎಳ್ಕೊಂಡ್ರು. ಕುರುತ್ ಚೀಲ ಮಾತ್ರ ಬಿಚ್ಚಿ ಒಂದು ಬಾಯಿಗೆ ಹಾಕ್ಕೊಂಡು, ಈ ಸಲ ಉಪ್ಪು ಜಾಸ್ತಿ ಅಂದ್ರು. ಆಮೇಲೆ ಏನೋ ಜ್ಞಾಪಕ ಬಂದ ಹಾಗೆ ನನ್ ಪೆನ್ನು ಇಸ್ಕೊಂಡು ಕೆಳಗೆ ಒಂದು ಸಾಲು ಬರ್ದ್ರು. ನಮ್ ಜೂರಾಗೂ ಒಂದು ಒಳ್ಳೇದಾಗ್ಲಿ ಅಂದ್ರು." ಇಡೀ ಈ ಪ್ರಕ್ರಿಯೆಯಲ್ಲಿ ಪ್ರಾಮಾಣಿಕವಾಗಿ ಪರೀಕ್ಷೆಗೆ ಒಳಪಟ್ಟದ್ದು ಆ ಒಂದು ಉಂಡೆ ಕುರುತ್ ಮಾತ್ರ, ಅದರಲ್ಲಿ ಉಪ್ಪು ಜಾಸ್ತಿಯಾಗಿದ್ದೂ ನಿಜ.

ಏಪ್ರಿಲ್ ಇಪ್ಪತ್ತೊಂದಕ್ಕೆ ಸಂಪಾದಕರ ಪತ್ರ ಬಂತು. ಹೊಸ ಕಂಪ್ಯೂಟರ್ ಫಾರ್ಮಿನಲ್ಲಿ ಗುಣಗಳಿಗೆ ಒಂದು ಚೌಕ, ಕೊರತೆಗಳಿಗೆ ಒಂದು ಚೌಕ, ಕೊರತೆಯೊಂದಕ್ಕೆ ಹತ್ತು ಅಂಕ ಕಡಿತ. ಮಂಗಳವಾಕ್ಯಕ್ಕೆ ಚೌಕವೇ ಇಲ್ಲವಂತೆ, ಆದ್ದರಿಂದ ಅದನ್ನು ಟೈಪು ಮಾಡುವ ಹುಡುಗಿ ಬಿಟ್ಟುಬಿಟ್ಟಿದ್ದಾಳೆ. ಬರೆದದ್ದು ಹೊಸದೇ, ವಿಧಾನ ಸರಿಯೇ, ಉಲ್ಲೇಖಗಳೆಷ್ಟು, ಸಮಾಜಕ್ಕೆ ಆಗುವ ಪ್ರಭಾವವೆಷ್ಟು ಎಂದು ಹದಿನೇಳು ಪ್ರಶ್ನೆಗಳಿರುವ ಆ ಫಾರ್ಮಿನಲ್ಲಿ "ಲೇಖನವನ್ನು ಓದಿದಿರಾ" ಎಂಬ ಪ್ರಶ್ನೆಗೂ ಚೌಕವಿಲ್ಲ. ನನಗೆ ಬಂದದ್ದು ಐವತ್ತು, ಬೇಕಾದದ್ದು ಅರವತ್ತು. ಮೊದಲನೇ ವಿಮರ್ಶಕರು ತೊಂಬತ್ತು ಕೊಟ್ಟಿದ್ದರು. "ಬಂದರುಗಳಲ್ಲಿ ಹಡಗು ಸುಂಕದ ವಿಚಾರವಾಗಿ ಲೇಖಕರ ಪಾಂಡಿತ್ಯ ಅಗಾಧ" ಎಂದು ಅವರು ಬರೆದಿರುವುದರಿಂದ, ನಾಲ್ಕು ದಿಕ್ಕಿಗೂ ಬೆಟ್ಟವೇ ಇರುವ ನಮ್ಮ ದೇಶದಲ್ಲಿ ಹಡಗು ಸುಂಕದ ಬಗ್ಗೆ ಬರೆದ ಪುಣ್ಯಾತ್ಮನಿಗೆ ನನ್ನ ಕಾಲುವೆಗೆ ಬರಬೇಕಾಗಿದ್ದ ಮೊದಲ ವಿಮರ್ಶೆ ಹೋಗಿರಬಹುದೆಂದು ಊಹಿಸಿದ್ದೇನೆ. ಇಬ್ಬರಲ್ಲಿ ಕಡಿಮೆ ಕೊಟ್ಟವರ ಅಂಕವೇ ಅಂತಿಮವೆಂಬ ನಿಯಮ ಇರುವುದರಿಂದ ಆ ಹಡಗು ನನ್ನನ್ನು ದಡಕ್ಕೆ ಮುಟ್ಟಿಸಲಿಲ್ಲ.

ಆದರೆ ಅಂಕ ಕಡಿಮೆಯಾದರೆ ತಿದ್ದಿ ಮತ್ತೆ ಕಳಿಸಬಹುದು. ಬಾಗಿಲು ಮುಚ್ಚಿದ್ದು ಬಾನೆಟ್ಟಿನ ಮೇಲೆ ತಾವು ಸ್ವಹಸ್ತದಿಂದ ಬರೆದ ಆ ಒಂದು ಸಾಲು: "ಲೇಖಕರು ಈ ವಿಷಯದ ಅಗ್ರಗಣ್ಯ ತಜ್ಞೆ ಜೂರಾ ಎಸೆನ್‌ಕುಲೋವಾ ಅವರನ್ನು ಕಂಡು ಸಲಹೆ ಪಡೆದ ಬಗ್ಗೆ ಅವರ ಸಹಿಯುಳ್ಳ ಪತ್ರ ತರುವವರೆಗೆ ಈ ಲೇಖನ ಪ್ರಕಟಣೆಗೆ ಯೋಗ್ಯವಲ್ಲ." ನನ್ನನ್ನು ಯಾರೂ ಇಷ್ಟು ಹೊಗಳಿರಲಿಲ್ಲ. ಓದುತ್ತಾ ಓದುತ್ತಾ ಕಣ್ಣು ತುಂಬಿ ಬಂತು, ಯಾವ ಕಾರಣಕ್ಕೆಂದು ಇನ್ನೂ ತೀರ್ಮಾನವಾಗಿಲ್ಲ.

ತಮ್ಮ ಆಜ್ಞೆಯಂತೆ ಜೂರಾ ಅವರನ್ನು ಭೇಟಿಯಾಗುವುದು ಕಷ್ಟವಾಗಲಿಲ್ಲ. ಆಕೆ ಸಜ್ಜನೆ, ಕೇಳಿದ ತಕ್ಷಣ ಸಮಯ ಕೊಟ್ಟರು, ಲೇಖನದ ಬಗ್ಗೆ ಅವರದೂ ನನ್ನದೂ ಒಂದೇ ಅಭಿಪ್ರಾಯ. ಕಷ್ಟವಾದದ್ದು ಪತ್ರ ಪಡೆಯುವುದು. ಪತ್ರ ಕೊಡಬೇಕಾದರೆ ಯಾರಿಗೆ ಕೊಟ್ಟದ್ದೆಂದು ಬರೆಯಬೇಕು, ಬರೆದರೆ ಲೇಖಕಿಯ ಗುರುತು ಬಯಲಾಗಿ ಲೇಖನ ಅನರ್ಹ. "ಅನಾಮಿಕರೊಬ್ಬರು ನನ್ನನ್ನು ಕಂಡು ಸಲಹೆ ಪಡೆದಿರುತ್ತಾರೆ" ಎಂದು ಬರೆದು ನಮ್ಮ ಕಚೇರಿಗೆ ಗುಂಡು ಮೊಹರಿಗಾಗಿ ಒಯ್ದರೆ, ಮೊಹರಿನ ಗುಮಾಸ್ತೆ, "ಆ ಅನಾಮಿಕರ ಪಾಸ್‌ಪೋರ್ಟ್ ಜೆರಾಕ್ಸ್ ಎಲ್ಲಿದೆ?" ಎಂದು ಕೇಳಿದಳು. ಶಾರ್ಶೆನ್ ಅವರಿಗೆ ಎಲ್ಲವನ್ನೂ ಹೇಳಿದೆ. ಅವರು, "ನೀನು ಯಾಕೆ ನಿನಗೇ ಐದು ತಪ್ಪು ಬರ್ಕೊಂಡೆ ಜೂರಾ? ಎಲ್ರೂ ಒಂದು ಬರ್ಕೊಳ್ತಾರೆ" ಎಂದರು.

ಆ ಗುರುವಾರ ತೆರೆಕ್-ಬುಲಾಕ್‌ಗೆ ಹೋದಾಗ ನನ್ನ ಮುಖ ನೋಡಿಯೇ ಸೂಯುನಾಲಿ ಅಜ್ಜ ಬೇರೆ ವ್ಯಾಜ್ಯಗಳನ್ನು ಬದಿಗಿಟ್ಟರು. ನನ್ನ ತಪ್ಪನ್ನು ಮೊದಲು ಹೇಳಿಕೊಂಡು, ಆಮೇಲೆ ನಡೆದದ್ದನ್ನೆಲ್ಲ ಹೇಳಿದೆ. ಒಬ್ಬ ಬರೆದದ್ದನ್ನು ಇನ್ನೊಬ್ಬ ತೂಗುವಾಗ ಇಬ್ಬರೂ ಮುಖ ಮುಚ್ಚಿಕೊಂಡಿರಬೇಕು ಎಂಬುದನ್ನು ಅರ್ಥಮಾಡಿಸುವುದಕ್ಕೇ ಎರಡು ಸುತ್ತು ಚಹಾ ಮುಗಿಯಿತು. "ಮುಖ ಮುಚ್ಕೊಂಡು ಬರೋರು ಕುದುರೆ ಕಳ್ಳರಲ್ವೇನೇ?" ಎಂದಳು ಕಾಲಿಚಾ ಅಜ್ಜಿ. ಸೂಯುನಾಲಿ ಅಜ್ಜ ಮಾತ್ರ, "ಅದಿರ್ಲಿ, ನೀನು ಬರ್ದಿದ್ದು ಏನು ಅಂತ ನಮಗೂ ಗೊತ್ತಿಲ್ವಲ್ಲ. ಓದು" ಎಂದರು.

ಓದಿದೆ. ಇಪ್ಪತ್ತೆರಡು ಪುಟವನ್ನೂ, ಅಡಿಟಿಪ್ಪಣಿಗಳನ್ನೂ ಬಿಡದೆ. ಯಾರೂ ಎದ್ದು ಹೋಗಲಿಲ್ಲ. ಹದಿನಾಲ್ಕನೇ ಪುಟದಲ್ಲಿ, ಅಕ್ಕಪಕ್ಕದ ಹೊಲದವರಿಬ್ಬರ ಹಳೆಯ ಜಗಳದಲ್ಲಿ ಕಟ್ಟೆಯವರು ಗಂಟೆಯ ಲೆಕ್ಕದಲ್ಲಿ ನೀರು ಹಂಚಿದರೆಂಬ ಜಾಗಕ್ಕೆ ಬಂದಾಗ ಕಾಲಿಚಾ ಅಜ್ಜಿ ಕೈ ಎತ್ತಿ ನಿಲ್ಲಿಸಿದಳು. "ಸುಳ್ಳು ಬರ್ದಿದೀಯ ಕಣೇ. ಗಂಟೆ ಲೆಕ್ಕ ಎಲ್ಲಿತ್ತು? ಅವನ ಗಡಿಯಾರ ಒಂದು ಹೇಳ್ತಿತ್ತು, ಇವಂದು ಒಂದು ಹೇಳ್ತಿತ್ತು. ಅದಕ್ಕೇ ಗುದ್ದಲಿ ಕಾವಿನ ಮೇಲೆ ಗೆರೆ ಕೊರ್ದು ಕಾಲುವೆಯಲ್ಲಿ ನಿಲ್ಸಿದ್ವಿ. ಇಬ್ರೂ ಬಂದು ನೋಡ್ಬಹುದು, ಇಬ್ರಿಗೂ ಕಾಣೋದು ಒಂದೇ ಗೆರೆ." ನನ್ನ ಹಳೆಯ ಟಿಪ್ಪಣಿ ಪುಸ್ತಕ ತೆಗೆದು ನೋಡಿದೆ, ಅಜ್ಜಿ ಹೇಳಿದ್ದೇ ಸರಿ, ಅವಸರದಲ್ಲಿ ನಾನೇ ತಪ್ಪಾಗಿ ನಕಲು ಮಾಡಿದ್ದೆ. ಎರಡು ದಿನ ಕೆಂಪು ಪೆನ್ಸಿಲು ಹಿಡಿದು ಹುಡುಕಿದ ನನಗೂ ಸಿಗದಿದ್ದ ತಪ್ಪು ಅದು. ಅದನ್ನು ತಿದ್ದಿದಮೇಲೆ ಲೇಖನದ ವಾದವೇ ತಿರುಗಿ ನಿಂತಿತು. ಇಬ್ಬರು ಜಗಳಗಂಟರಿಗೂ ಒಟ್ಟಿಗೆ ಕಾಣಿಸುವುದನ್ನೇ ಅಳತೆ ಮಾಡಿಕೊಳ್ಳುವುದು ಆ ಕಟ್ಟೆಯ ನ್ಯಾಯದ ಬೇರು ಎಂಬುದು ನನಗೆ ಹನ್ನೊಂದು ವರ್ಷದಲ್ಲಿ ಹೊಳೆದಿರಲಿಲ್ಲ, ಅಜ್ಜಿ ಗದರಿಸಿದ ಮೇಲೆ ಹೊಳೆಯಿತು.

ಮಹಾಶಯರೇ, ಇದನ್ನು ತಮ್ಮನ್ನು ಆಡಿಕೊಳ್ಳಲು ಬರೆಯುತ್ತಿಲ್ಲ. ನನಗೆ ಕೆಲಸ ಬೇಕು, ಅದರಲ್ಲಿ ಮುಚ್ಚುಮರೆಯಿಲ್ಲ, ನನಗೆ ಐವತ್ತಮೂರು ವರ್ಷ ಮತ್ತು ನನಗೆ ಬರುವುದು ಈ ಒಂದು ಪಾಠವೇ. ಆದರೆ ಅಂಕಪಟ್ಟಿ ನೋಡಿದ ದಿನ ಹೊಟ್ಟೆ ಉರಿದದ್ದು ಐವತ್ತು ಎಂಬ ಸಂಖ್ಯೆಗಲ್ಲ. ಹನ್ನೊಂದು ವರ್ಷದ ಕೆಲಸವನ್ನು ಸಂಪಾದಕರು, ಆಯೋಗದವರು, ಇಬ್ಬರು ವಿಮರ್ಶಕರು ಇಷ್ಟೆಲ್ಲ ಜನ ಸೇರಿ ಅಳೆದದ್ದರಲ್ಲಿ ಅದನ್ನು ಓದಿದವಳು ನಾನೊಬ್ಬಳೇ ಎಂಬುದಕ್ಕೆ. ತಾವು ಓದಿ, ಕೆಟ್ಟದಾಗಿದೆ ಎಂದು ಸೊನ್ನೆ ಕೊಟ್ಟಿದ್ದರೆ ನಾನು ಎರಡು ದಿನ ಅತ್ತು, ಮೂರನೇ ದಿನ ತಿದ್ದಲು ಕೂರುತ್ತಿದ್ದೆ.

ಆದಕಾರಣ ತಮ್ಮಲ್ಲಿ ಕೆಲವು ಸಣ್ಣ ಬೇಡಿಕೆಗಳನ್ನು ಇಡುತ್ತಿದ್ದೇನೆ, ದೊಡ್ಡ ಮನಸ್ಸು ಮಾಡಿ ನಡೆಸಿಕೊಡಬೇಕು. ಅಂಕಗಳ ಈ ಪದ್ಧತಿಯನ್ನು ತೆಗೆದು ಔತಣದ ಪದ್ಧತಿಯನ್ನೇ ತರುವಂತೆ ತಾವು ಆಯೋಗಕ್ಕೆ ಶಿಫಾರಸು ಮಾಡಬೇಕು. ಒಳ್ಳೆಯ ಲೇಖನಕ್ಕೆ ಸೊಂಟದ ಮೂಳೆ, ಸಾಧಾರಣಕ್ಕೆ ಪಕ್ಕೆಲುಬು, ಉಳಿದವಕ್ಕೆ ಬರೀ ಸಾರು. ಎಲ್ಲರ ಕಣ್ಣೆದುರಿಗೆ ಬಡಿಸುವುದರಿಂದ ಬಡಿಸುವವನು ಯೋಚಿಸಿಯೇ ಬಡಿಸುತ್ತಾನೆ, ತಪ್ಪಿದರೆ ಒಂದೂವರೆ ವರ್ಷ ಮಾತು ಬಿಡುವವರು ಎದುರಿಗೇ ಕೂತಿರುತ್ತಾರೆ. ಹಡಗು ಸುಂಕದ ಲೇಖಕರನ್ನು ದಯವಿಟ್ಟು ಪತ್ತೆ ಮಾಡಿಸಿ, ನಮ್ಮ ಕಾಲುವೆಯ ಕೊರತೆಗಳೇನಾದರೂ ಅವರ ತಲೆಗೆ ಬಂದಿದ್ದರೆ ಬಿಡಿಸಿಕೊಡಬೇಕು, ಸಮುದ್ರವಿಲ್ಲದ ನಾಡಿನಲ್ಲಿ ಅವರಿಗೆ ಮೊದಲೇ ಸಾಕಷ್ಟು ತೊಂದರೆ ಇರುತ್ತದೆ.

ಮತ್ತೊಂದು ನನ್ನದಲ್ಲ, ಕಟ್ಟೆಯದು. ಎರಡನೇ ವಿಮರ್ಶಕರ ವಿಚಾರದಲ್ಲಿ ಹಿರಿಯರು ಕೊಟ್ಟ ತೀರ್ಪನ್ನು ಇದ್ದದ್ದು ಇದ್ದ ಹಾಗೆ ತಮಗೆ ಮುಟ್ಟಿಸುವ ಹೊಣೆ ನನ್ನ ಮೇಲೆ ಬಿದ್ದಿದೆ. ಸೂಯುನಾಲಿ ಅಜ್ಜ ಗಡ್ಡ ನೀವಿಕೊಂಡು ಹೇಳಿದ್ದು ಇಷ್ಟು: "ದಂಡ ಗಿಂಡ ಏನೂ ಬೇಡ, ಪಾಪ, ವಯಸ್ಸಾದೋರು. ಒಂದು ಗುರುವಾರ ಬರ್ಲಿ. ಇಲ್ಲೇ ಕಂಬಳಿ ಮೇಲೆ ಕೂತ್ಕೊಂಡು ಮೊದ್ಲು ತನ್ ತಪ್ಪು ಹೇಳ್ಲಿ, ಆಮೇಲೆ ಇಪ್ಪತ್ತೆರಡು ಪುಟಾನೂ ನಮ್ಮೆದುರಿಗೆ ಗಟ್ಟಿಯಾಗಿ ಓದ್ಲಿ. ಓದಿ ಆದ್ಮೇಲೆ ಚೆನ್ನಾಗಿಲ್ಲ ಅಂತ ಅನ್ನಿಸಿದ್ರೆ ಚೆನ್ನಾಗಿಲ್ಲ ಅನ್ಲಿ, ನಾವೂ ಒಪ್ಕೋತೀವಿ." "ಚಹಾಕ್ಕೆ ಜರ್ದಾಳು ಪಾಕ ನಾನು ತರ್ತೀನಿ" ಎಂದು ಕಾಲಿಚಾ ಅಜ್ಜಿ ಸೇರಿಸಿದಳು. ತಾವು ಯಾರೆಂದು ಅವಳಿಗೂ ಗೊತ್ತಿಲ್ಲ.

ತಮ್ಮ ಸಹಿ ಸದಾ ಹೀಗೆಯೇ ಸರಾಗವಾಗಿ ಹರಿಯಲಿ, ತಮ್ಮ ಕುದುರೆಗಳು ಕೊಬ್ಬಲಿ, ತಮ್ಮ ಅಜ್ಞಾತವಾಸಕ್ಕೆ ಯಾವ ಭಂಗವೂ ಬಾರದಿರಲಿ ಎಂದು ಹಾರೈಸುತ್ತಾ ಈ ಪತ್ರವನ್ನು ಮುಗಿಸುತ್ತೇನೆ.

ತಮ್ಮ ವಿಶ್ವಾಸಿ,
ಜೂರಾ ಎಸೆನ್‌ಕುಲೋವಾ
(ಲೇಖಕಿ, ವಿಮರ್ಶಕಿ ಹಾಗೂ ತಾವೇ ದಯಪಾಲಿಸಿದಂತೆ ಅಗ್ರಗಣ್ಯ ತಜ್ಞೆ)

ತಾ.ಕ.: ಈ ಪತ್ರದ ಮೊದಲ ಪ್ರತಿಯನ್ನು, ತಿದ್ದಿದ ಲೇಖನದ ಸಮೇತ, ತ್ರೈಮಾಸಿಕದ ಸಂಪಾದಕರಿಗೆ ಕಳಿಸಿದ್ದೆ. ಅವರು ನಿಯಮದಂತೆ ನನ್ನ ಹೆಸರಿರುವ ಕಡೆಯಲ್ಲೆಲ್ಲ ಕಪ್ಪು ಬಳಿದು, ಉತ್ತರ ಕೊಡುವಂತೆ ತಮಗೇ ಕಳಿಸಿದರೆಂದು ಒಂಬತ್ತನೇ ದಿನ ಬಂದ ಫೋನಿನಿಂದ ತಿಳಿಯಿತು. "ಜೂರಾ, ಯಾರೋ ಅನಾಮಿಕರು ನನ್ಮೇಲೆ ದೂರು ಬರ್ದಿದಾರಮ್ಮ, ಎಂಟು ಪುಟ ಇದೆ. ಕನ್ನಡಕ ಇನ್ನೂ ಸಿಕ್ಕಿಲ್ಲ. ಮತ್ತದೇ ನೀರಿನ ವಿಷ್ಯ ಅಂತೆ, ನಿನಗೇ ಗೊತ್ತಿರೋದು. ನನ್ ಹೆಸರಲ್ಲಿ ಒಂದು ಉತ್ತರ ಬರ್ದು ಕಳ್ಸು, ಸಹಿ ಹಾಕ್ತೀನಿ. ಕುರುತ್‌ಗೆ ಉಪ್ಪು ಸ್ವಲ್ಪ ಕಡ್ಮೆ ಇರ್ಲಿ." ಉಪ್ಪು ಕಡಿಮೆ ಮಾಡಿ, ಉತ್ತರವನ್ನೂ ಬರೆದು, ಕುಬಾನ್‌ನ ಕೈಯಲ್ಲಿ ಕಳಿಸಿದೆ. ಮೇ ಹದಿನೇಳಕ್ಕೆ ಅದು ತಮ್ಮ ಸಹಿ, ಗುಂಡು ಮೊಹರು ಸಮೇತ ಸಂಪಾದಕರನ್ನು ತಲುಪಿ, ಗಡುವಿಗೆ ಒಂದು ದಿನ ಮುಂಚೆ, ಹತ್ತೊಂಬತ್ತಕ್ಕೆ, ಶಾರ್ಶೆನ್ ಅವರ ಮೇಜಿಗೂ ಬಂದಿದೆ. ತಾವು ಅದರಲ್ಲಿ ಐದು ಕೊರತೆಗಳನ್ನೂ ಆ ಒಂದು ಸಾಲನ್ನೂ ಹಿಂದಕ್ಕೆ ತೆಗೆದುಕೊಂಡು, ತಿದ್ದಿದ ಲೇಖನವನ್ನು ಪ್ರಕಟಣೆಗೆ ಒಪ್ಪಿದ್ದೀರಿ, ಧನ್ಯವಾದಗಳು. ಎರಡನೇ ಪ್ಯಾರಾದಲ್ಲಿ, ಬರುವ ಗುರುವಾರ ತೆರೆಕ್-ಬುಲಾಕ್‌ನ ಕಟ್ಟೆಗೆ ಬಂದು ಇಪ್ಪತ್ತೆರಡು ಪುಟವನ್ನೂ ಗಟ್ಟಿಯಾಗಿ ಓದುವುದಾಗಿಯೂ ಒಪ್ಪಿಕೊಂಡಿದ್ದೀರಿ. ಕುಬಾನ್‌ನ ಕಾರಿನಲ್ಲಿ ಮುಂದಿನ ಸೀಟು ಹಿಡಿದಿಟ್ಟಿದೆ. ಕನ್ನಡಕ ಹುಡುಕಿಕೊಂಡು ತನ್ನಿ.